ಭಾಷಣ ಸಾಕು, ಪಾತ್ರೆ ತೊಳೆಯೋಕೆ ದುಡ್ಡು ಕೊಡಿ

ಹೋದ ತಿಂಗಳು ನಮ್ಮ ಕಂಪನೀಲಿ ಇನ್ನೊಂದು 'ವಿಮೆನ್ ಇನ್ ಟೆಕ್' ಆನ್‌ಲೈನ್ ಸೆಷನ್ ಆಯ್ತು. ಆತ್ಮವಿಶ್ವಾಸ ಬೆಳೆಸ್ಕೊಳ್ಳಿ, ಮೀಟಿಂಗಲ್ಲಿ ಜೋರಾಗಿ ಮಾತಾಡಿ ಅಂತೆಲ್ಲ ಒಂದು ಗಂಟೆ ಹೇಳಿದ್ರು. ಅದನ್ನ ಇಟ್ಟಿದ್ದು ಸಂಜೆ ಆರೂವರೆಗೆ! ನನ್ನ ಟೀಮಿನ ಗೆಳತಿ ಕ್ಯಾಮೆರಾ ಆಫ್ ಮಾಡ್ಕೊಂಡು, ತೊಡೆ ಮೇಲೆ ಮಗೂನ ಮಲಗಿಸ್ಕೊಂಡು ಕೂತಿದ್ಳಂತೆ, ಮ್ಯೂಟ್ ತೆಗೆದ್ರೆ ಎಲ್ಲಿ ಎದ್ಬಿಡುತ್ತೋ ಅಂತ ಭಯ. ಚಾಟಲ್ಲಿ ಒಂದೇ ಲೈನ್ ಕಳ್ಸಿದ್ಳು: "ಜೋರಾಗಿ ಹೆಂಗೆ ಮಾತಾಡ್ಲೇ?"

ಆಗ ನೆನಪಾಗಿದ್ದು ಜರ್ಮನಿಯ ಕ್ರಿಸ್ಟಿಯಾನೆ ನ್ಯೂಸ್‌ಲೈನ್-ಫೋಲ್‌ಹಾರ್ಡ್. ಹಣ್ಣಿನ ನೊಣದ ಭ್ರೂಣ ಹೆಂಗೆ ಬೆಳೆಯುತ್ತೆ ಅಂತ ಕಂಡುಹಿಡಿದು 1995ರಲ್ಲಿ ನೊಬೆಲ್ ತಗೊಂಡೋರು. 2004ರಲ್ಲಿ ಒಂದು ಫೌಂಡೇಶನ್ ಶುರು ಮಾಡಿದ್ರು, ಮಕ್ಕಳಿರೋ ಯುವ ವಿಜ್ಞಾನಿಗಳಿಗೆ (ಹೆಂಗಸರಿಗೆ ಮಾತ್ರ) ತಿಂಗಳು ತಿಂಗಳು ದುಡ್ಡು ಕೊಡುತ್ತೆ. ಮೈಕ್ರೋಸ್ಕೋಪಿಗಲ್ಲ ಕಣ್ರೀ, ಮನೆಕೆಲಸಕ್ಕೆ ಜನ ಇಟ್ಕೊಳ್ಳೋಕೆ, ಮಗು ನೋಡ್ಕೊಳ್ಳೋರಿಗೆ ಕೊಡೋಕೆ. ಮಗು ಬಿಟ್ಟು ಕೆಲಸಕ್ಕೆ ಹೋಗೋ ತಾಯಿನ 'ರಾಬೆನ್‌ಮುಟ್ಟರ್', ಅಂದ್ರೆ ಕಾಗೆ ತಾಯಿ, ಅಂತ ಆಡ್ಕೊಳ್ಳೋ ಪದಾನೇ ಇರೋ ಭಾಷೆ ಅದು, ಅಲ್ಲೇ ಇದು ನಡೀತಿದೆ. ಹಂಗೇ ಸಂಶೋಧನೆಗೆ ದುಡ್ಡು ಕೊಡೋ ಯುರೋಪಿಯನ್ ರಿಸರ್ಚ್ ಕೌನ್ಸಿಲ್‌ನ ಕೆಲವು ಗ್ರಾಂಟಿಗೆ ಪಿಎಚ್‌ಡಿ ಆದ್ಮೇಲೆ ಇಷ್ಟು ವರ್ಷದೊಳಗೇ ಅಪ್ಲೈ ಮಾಡ್ಬೇಕು ಅಂತ ಲೆಕ್ಕ ಇದೆ, ತಾಯಂದ್ರಿಗೆ ಒಂದೊಂದು ಮಗುವಿಗೂ 18 ತಿಂಗಳು ಸೇರಿಸಿ ಕೊಡ್ತಾರೆ.

"ನಮ್ ಕಲ್ಚರೇ ಹಿಂಗೆ, ಹೆಣ್ಮಕ್ಕಳಿಗೆ ಟೆಕ್ನಾಲಜಿ ಇಂಟರೆಸ್ಟ್ ಕಮ್ಮಿ" ಅನ್ನೋರಿಗೆ ಮಲೇಷ್ಯಾ ತೋರಿಸ್ಬೇಕು. ಅಲ್ಲಿ ಕಂಪ್ಯೂಟರ್ ಸೈನ್ಸ್ ಓದೋರಲ್ಲಿ ಹುಡುಗೀರು ತುಂಬಾ ಜನ, ಯಾಕಂದ್ರೆ ಒಳಗೆ ಕೂತು ಮಾಡೋ ಕೆಲಸ, ಬಿಸಿಲಿಲ್ಲ ಧೂಳಿಲ್ಲ, ಹೆಂಗಸರಿಗೆ ಹೇಳಿ ಮಾಡಿಸಿದಂಗಿದೆ ಅನ್ನೋ ಭಾವನೆ ಅಲ್ಲಿ. ಅದೇ ಕೋಡಿಂಗು, ಪಶ್ಚಿಮದ ಎಷ್ಟೋ ದೇಶಗಳಲ್ಲಿ ಗಂಡಸರ ಕೆಲಸ! ಅಂದ್ರೆ ಇಂಟರೆಸ್ಟ್ ಎಲ್ಲ ಹುಟ್ಟಿನಿಂದ ಬಂದಿದ್ದಲ್ಲ, ಅಕ್ಕಪಕ್ಕದೋರು ಏನಂತಾರೆ ಅನ್ನೋದ್ರಿಂದ ಬರೋದೇ ಜಾಸ್ತಿ. ಅಲ್ಲೂ ಮದುವೆ, ಮಗು ಆದ್ಮೇಲೆ ಏನಾಗುತ್ತೆ ಅನ್ನೋದು ಬೇರೆ ಕಥೆ ಬಿಡಿ.

ಸೆಷನ್ ಮುಗಿದ್ಮೇಲೆ ಫೀಡ್‌ಬ್ಯಾಕ್ ಫಾರ್ಮ್ ಬಂತು. ಮುಂದಿನ ಸಲ ಬೆಳಿಗ್ಗೆ ಹನ್ನೊಂದಕ್ಕೆ ಇಡಿ, ಗಂಡಸ್ರನ್ನೂ ಕರೀರಿ ಅಂತ ಬರೆದೆ. 'ನೋಟೆಡ್' ಅಂತ ರಿಪ್ಲೈ ಬಂತು. ನಿನ್ನೆ ಮುಂದಿನ ಸೆಷನ್ನಿನ ಇನ್ವೈಟ್ ಬಂದಿದೆ, ಸಂಜೆ ಆರೂವರೆ.