ಮೊದಲು ನೀರಿನ ಹೌದಕ್ಕೆ ಮುಚ್ಚಳ, ಆಮೇಲೆ ಬುದ್ಧಿಮಾತು

ಪುಣೆಯ ಹಿಂಜವಡಿ, ವಾಕಡ್, ಪುನಾವಳೆ ಕಡೆ ದೊಡ್ಡ ದೊಡ್ಡ ಟವರ್ ಏಳುತ್ತಿವೆ ಅಲ್ವಾ, ಅವುಗಳ ಬುಡದಲ್ಲೇ ನನ್ನ ಕೆಲಸ. ಕಟ್ಟಡ ಕೆಲಸಕ್ಕೆ ಬಂದವರ ಮಕ್ಕಳನ್ನು ಹಗಲು ಹೊತ್ತು ನೋಡಿಕೊಳ್ಳುವ ಪಾಳಣಾಘರ್‌ಗಳ ಉಸ್ತುವಾರಿ ನನ್ನದು. ಯಾದಗಿರಿ, ಕಲಬುರಗಿ, ವಿಜಯಪುರದಿಂದ ಬಂದವರು ಇಲ್ಲಿ ಬಹಳ ಜನ. ಕೆಲವು ಲೇಬರ್ ಕ್ಯಾಂಪಿನಲ್ಲಿ ಮರಾಠಿಗಿಂತ ಕನ್ನಡ, ಲಂಬಾಣಿ ಮಾತೇ ಜಾಸ್ತಿ ಕೇಳುತ್ತದೆ. ನನಗೆ ಕನ್ನಡ ಬರುತ್ತದೆ ಅನ್ನುವ ಕಾರಣಕ್ಕೇ ಈ ಕಡೆ ಹಾಕಿದ್ದಾರೆ.

ತಾಯಂದಿರನ್ನು ಕೂರಿಸಿಕೊಂಡು ಮಕ್ಕಳಿಗೆ ಪೆಟ್ಟಾಗದ ಹಾಗೆ ನೋಡಿಕೊಳ್ಳುವುದು ಹೇಗೆ ಎಂದು ಹೇಳುವುದು ಈ ಕೆಲಸದ ಒಂದು ಭಾಗ. ಪೋಸ್ಟರ್ ಇರುತ್ತದೆ, ಪೋಸ್ಟರಿನಲ್ಲಿ ನಗುವ ಅಮ್ಮ ಇರುತ್ತಾಳೆ. ಒಂದು ಸಭೆಯಲ್ಲಿ ಯಾದಗಿರಿ ಕಡೆಯ ಒಬ್ಬಾಕೆ ಕೇಳಿದಳು: "ಅಕ್ಕಾ, ನೀವು ಹೇಳೂದು ಖರೆ ಅದ. ಆದ್ರ ನಾ ನಾಕನೇ ಸ್ಲ್ಯಾಬ್ ಮ್ಯಾಲ ಇಟ್ಟಂಗಿ ಹೊರತೀನಿ. ಇವ ಕೆಳಗ ಇರ್ತಾನ. ಎಲ್ಲಿಂದ ಕಣ್ಣಿಡ್ಲಿ ಹೇಳ್ರಿ?"

ಪೋಸ್ಟರಿನಲ್ಲಿ ಇದಕ್ಕೆ ಉತ್ತರ ಇಲ್ಲ. ಹೊಸದಾಗಿ ಕೆಲಸಕ್ಕೆ ಸೇರುವ ಹುಡುಗಿಯರಿಗೆ ನಾನು ಈಗ ಮೊದಲು ಹೇಳುವುದು ಇದನ್ನೇ: ಸೈಟಿಗೆ ಹೋದ ದಿನ ತಾಯಂದಿರನ್ನು ಕರೆಯಬೇಡಿ. ಸುಮ್ನೆ ಒಂದು ಸುತ್ತು ಹಾಕಿ. ಎರಡು ವರ್ಷದ ಮಗು ಎಷ್ಟೆತ್ತರ ಇರುತ್ತದೋ ಅಷ್ಟಕ್ಕೆ ಬಗ್ಗಿ ನೋಡಿ. ತಾಯಿ ಹುಷಾರಾಗಿರಬೇಕು ನಿಜ, ಆದರೆ ಹನ್ನೆರಡು ತಾಸು ಹುಷಾರಾಗಿರುವುದು ಯಾರ ಕೈಯಲ್ಲೂ ಆಗುವುದಿಲ್ಲ. ನೀರಿನ ಹೌದಕ್ಕೆ ಹಾಕಿದ ಮುಚ್ಚಳಕ್ಕೆ ನಿದ್ದೆ ಬರುವುದಿಲ್ಲ.

ಇದು ನನ್ನ ಹೊಸ ವಿಚಾರವೇನಲ್ಲ. ನ್ಯೂಯಾರ್ಕಿನಲ್ಲಿ ಬಡವರ ಮನೆಗಳ ಕಿಟಕಿಯಿಂದ ಮಕ್ಕಳು ಬಿದ್ದು ಸಾಯುವುದು ಜಾಸ್ತಿಯಾದಾಗ ಅಲ್ಲಿನ ಆರೋಗ್ಯ ಇಲಾಖೆ 1972ರಲ್ಲಿ ಒಂದು ಕಾರ್ಯಕ್ರಮ ಶುರು ಮಾಡಿತು. ಮನೆಮನೆಗೆ ಹೋಗಿ ತಿಳಿಸಿ ಹೇಳಿದರು, ಜೊತೆಗೆ ಕಿಟಕಿಗೆ ಹಾಕುವ ಸರಳನ್ನೂ ಪುಕ್ಕಟೆ ಕೊಟ್ಟರು. ಬೀಳುವ ಮಕ್ಕಳು ಕಡಿಮೆಯಾದರು. 1976ರಲ್ಲಿ, ಹತ್ತು ವರ್ಷದವರೆಗಿನ ಮಕ್ಕಳಿರುವ ಮನೆಗೆ ಸರಳು ಹಾಕಿಸುವುದು ಕಟ್ಟಡದ ಮಾಲೀಕನ ಹೊಣೆ ಎಂದು ನಿಯಮವೇ ಬಂತು. ಸರಳು ಕೈಗೆ ಕೊಟ್ಟು ಮಾತಾಡಿದ್ದರಿಂದ ಆ ಮಾತಿಗೆ ತೂಕ ಬಂತು.

ನಮ್ಮ ಸೈಟುಗಳಲ್ಲಿ ನನ್ನ ನಿದ್ದೆ ಕೆಡಿಸುವುದು ಹೌದ, ಅಂದರೆ ನೀರಿನ ತೊಟ್ಟಿ. ಕಾಂಕ್ರೀಟ್ ಗಟ್ಟಿಯಾಗಲು ಮಾಡುವ ಕ್ಯೂರಿಂಗ್‌ಗೆ, ಗೋಡೆಯ ಗಿಲಾವಿಗೆ ನೀರು ಬೇಕು, ಅದಕ್ಕೆ ನೆಲದಲ್ಲೇ ಇಟ್ಟಿಗೆ ಕಟ್ಟಿ ಹೌದ ಮಾಡುತ್ತಾರೆ. ಅದರ ಕಟ್ಟೆ ದೊಡ್ಡವರ ಮೊಣಕಾಲಿಗೂ ಬರುವುದಿಲ್ಲ. ಚಿಕ್ಕ ಮಕ್ಕಳಿಗೆ ಮೈಯ ಲೆಕ್ಕಕ್ಕೆ ತಲೆ ಭಾರ. ಬಗ್ಗಿ ನೋಡಿದರೆ ತಲೆ ಕೆಳಗಾಗಿ ಬೀಳುತ್ತವೆ, ಮತ್ತೆ ಏಳಲಾಗುವುದಿಲ್ಲ. ಅದಕ್ಕೆ ಹೌದವೇ ಬೇಕೆಂದಿಲ್ಲ, ಅರ್ಧ ಬಕೆಟ್ ನೀರೂ ಸಾಕು. ಮುಳುಗುವ ಮಗು ಕೂಗುತ್ತದೆ, ನಮಗೆ ಕೇಳುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಸಾಮಾನ್ಯವಾಗಿ ಸದ್ದೇ ಬರುವುದಿಲ್ಲ. ಮಿಕ್ಸರ್ ಓಡುವ ಸೈಟಿನಲ್ಲಂತೂ ಸದ್ದು ಬಂದರೂ ಯಾರಿಗೆ ಕೇಳಬೇಕು?

ಮುಚ್ಚಳ ಹಾಕಿಸಿ ಎಂದರೆ ಸ್ಲ್ಯಾಬಿಗೆ ಹಲಗೆ ಕಟ್ಟುವ ಸೆಂಟ್ರಿಂಗ್‌ನವರು ಹಳೇ ಪ್ಲೈ ತುಂಡು ತಂದು ಇಡುತ್ತಾರೆ. ಮಕ್ಕಳು ಅದನ್ನೇ ಎಳೆದುಕೊಂಡು ಹೋಗಿ ಮರಳಿನ ಗುಡ್ಡೆ ಮೇಲಿಂದ ಜಾರುಬಂಡಿ ಆಡುತ್ತಾರೆ. ಉಳಿದದ್ದು ನೀರು ಕುಡಿದು ಮೆತ್ತಗಾಗುತ್ತದೆ. ಆಗ ಮುಚ್ಚಿದ ಹೌದ ತೆರೆದದ್ದಕ್ಕಿಂತ ಅಪಾಯ, ಯಾಕೆಂದರೆ ಮಗು ಅದರ ಮೇಲೆ ಹತ್ತಿ ನಿಲ್ಲುತ್ತದೆ. ಕೊನೆಗೆ ಕೆಲಸಕ್ಕೆ ಬಂದದ್ದು ಕಬ್ಬಿಣದ ಜಾಳಿಗೆ. ಬಾರ್ ಬೆಂಡಿಂಗ್ ಯಾರ್ಡಿನಲ್ಲಿ ಸರಳಿನ ತುಂಡುಗಳು ಗುಜರಿಗೆ ಹೋಗಲು ಬಿದ್ದಿರುತ್ತವೆ. ಅವನ್ನೇ ಹತ್ತಿರ ಹತ್ತಿರ ಇಟ್ಟು ವೆಲ್ಡಿಂಗ್ ಮಾಡಿ, ಒಂದು ಬದಿ ಬಿಜಾಗರಿ, ಇನ್ನೊಂದು ಬದಿ ಚಿಲಕ. ಸಂದಿಯಲ್ಲಿ ಮಗುವಿನ ಕಾಲು ಇಳಿಯಬಾರದು, ನೀರಿನ ಪೈಪ್ ಮಾತ್ರ ಹೋಗಬೇಕು. ಒಂದು ಸೈಟಿನಲ್ಲಿ ಫಿಟ್ಟರ್ ಒಬ್ಬ ಊಟದ ಬಿಡುವಿನಲ್ಲೇ ಮಾಡಿ ಮುಗಿಸಿದ. ಅವನ ಮಗಳು ನಮ್ಮ ಪಾಳಣಾಘರ್‌ನಲ್ಲೇ ಇದ್ದಳು ಅನ್ನಿ.

ಇಂಜಿನಿಯರ್ ಹತ್ತಿರ ಮಾತಾಡುವುದು ಬೇರೆಯೇ ವಿದ್ಯೆ. ಮಕ್ಕಳ ಹಕ್ಕು ಅಂತ ಶುರು ಮಾಡಿದರೆ ಚಹಾ ಸಿಗುತ್ತದೆ, ಜಾಳಿಗೆ ಸಿಗುವುದಿಲ್ಲ. ಅವರ ತಲೆಯಲ್ಲಿ ಸ್ಲ್ಯಾಬ್ ಹಾಕುವ ತಾರೀಕು ಓಡುತ್ತಿರುತ್ತದೆ. ಒಂದು ಅನಾಹುತವಾದರೆ ಪೊಲೀಸರು ಬರುತ್ತಾರೆ, ಕೆಲಸ ನಿಲ್ಲುತ್ತದೆ, ಆ ತಾರೀಕು ಹೋಗುತ್ತದೆ ಎಂದರೆ ಕುರ್ಚಿ ಮುಂದಕ್ಕೆ ಎಳೆದುಕೊಳ್ಳುತ್ತಾರೆ. ಸೇಫ್ಟಿ ಆಫೀಸರ್ ಇದ್ದರೆ ಇನ್ನೂ ಒಳ್ಳೆಯದು. ತೆರೆದ ಡಕ್ಟ್ (ಪೈಪು ಇಳಿಸಲು ಬಿಟ್ಟ ಗುಂಡಿ), ರೇಲಿಂಗ್ ಇಲ್ಲದ ಲಿಫ್ಟ್ ಗುಂಡಿ, ಟೋಪಿ ಹಾಕದ ಸರಳಿನ ತುದಿ, ಕಿತ್ತುಹೋದ ವೈರ್, ಎಲ್ಲದರ ಫೋಟೋ ತೆಗೆದು ಅವರ ವಾಟ್ಸಾಪ್ ಗುಂಪಿಗೆ ಹಾಕುತ್ತೇವೆ. ತಾರೀಕು, ಜಾಗ, ಅಷ್ಟೇ. ಬೈಗುಳ ಬೇಡ.

ಸ್ವಲ್ಪದರಲ್ಲಿ ತಪ್ಪಿದ ಅಪಘಾತಗಳನ್ನು ಬರೆಯುವ ಒಂದು ರಿಜಿಸ್ಟರ್ ದೊಡ್ಡ ಸೈಟುಗಳಲ್ಲಿ ಇರುತ್ತದೆ. ಹೆಲ್ಮೆಟ್ ಮೇಲೆ ಇಟ್ಟಿಗೆ ಬಿದ್ದರೆ ಬರೆಯುತ್ತಾರೆ. ಮಗು ಡಕ್ಟ್ ಅಂಚಿನವರೆಗೆ ಹೋಗಿ ಯಾರೋ ಹಿಡಿದೆಳೆದರೆ ಬರೆಯುವುದಿಲ್ಲ, ಏಕೆಂದರೆ ಕಾಗದದ ಪ್ರಕಾರ ಸೈಟಿನಲ್ಲಿ ಮಕ್ಕಳೇ ಇಲ್ಲ! ನಾವು ಈಗ ಹಟ ಹಿಡಿದು ಬರೆಸುತ್ತೇವೆ.

ಹೆಂಗಸರ ಕಥೆಯೂ ಇದೇ. 1996ರ ಕಟ್ಟಡ ಕಾರ್ಮಿಕರ ಕಾಯ್ದೆಯ 35ನೇ ಕಲಮಿನಲ್ಲಿ, 50ಕ್ಕಿಂತ ಜಾಸ್ತಿ ಹೆಂಗಸರು ಕೆಲಸ ಮಾಡುವ ಕಡೆ ಆರು ವರ್ಷದೊಳಗಿನ ಮಕ್ಕಳಿಗೆ ಕೋಣೆ ಕೊಡಬೇಕು ಎಂದಿತ್ತು. ಲೆಕ್ಕ ಹಾಕಲು ಮಸ್ಟರ್, ಅಂದರೆ ಹಾಜರಿ ಪುಸ್ತಕ ತೆಗೆದರೆ ಹೆಂಗಸರ ಹೆಸರೇ ಕಾಣುವುದಿಲ್ಲ. ಊರಿಂದ ಆಳು ಕರೆತರುವ ಮುಕಾದಮ್ ಗಂಡಹೆಂಡತಿಯನ್ನು ಜೋಡಿ ಲೆಕ್ಕದಲ್ಲಿ ಕರೆತಂದಿರುತ್ತಾನೆ, ಹಾಜರಿ ಗಂಡನ ಹೆಸರಲ್ಲಿ. ಮೇಲಾಗಿ ಒಂದೇ ಸೈಟಿನಲ್ಲಿ ನಾಲ್ಕಾರು ಠೇಕೇದಾರರು, ಪ್ರತಿಯೊಬ್ಬನ ಹತ್ತಿರವೂ ಸ್ವಲ್ಪ ಸ್ವಲ್ಪ ಜನ. 2020ರ ಔದ್ಯೋಗಿಕ ಸುರಕ್ಷತೆಯ ಸಂಹಿತೆಯಲ್ಲಿ ಶಿಶುಪಾಲನಾ ಕೋಣೆಗೆ ಗಂಡಸರು ಹೆಂಗಸರು ಎನ್ನದೆ 50ಕ್ಕಿಂತ ಹೆಚ್ಚು ಕೆಲಸಗಾರರು ಎಂದು ಹಿಡಿದಿದ್ದಾರೆ. ಅದು ನಮಗೆ ಅನುಕೂಲ. ಆದರೂ ಮಸ್ಟರಿನಲ್ಲಿ ಆಕೆಯ ಹೆಸರು ಬರಲಿ ಎಂದು ನಾನು ಕೇಳುವುದನ್ನು ಬಿಟ್ಟಿಲ್ಲ, ಮುಕಾದಮ್‌ಗಳಿಗೆ ಈ ಕಾರಣಕ್ಕೇ ನನ್ನನ್ನು ಕಂಡರೆ ಅಷ್ಟಕ್ಕಷ್ಟೆ.

ಇಷ್ಟೆಲ್ಲ ಆದ ಮೇಲೆ ತಿಳಿವಳಿಕೆ ಮಾತು. ಅದನ್ನೂ ಎಲ್ಲಿ, ಯಾರಿಗೆ ಎಂದು ನೋಡಿ ಹೇಳಬೇಕು.

ಸುಣ್ಣದ ವಿಷಯ ತಗೊಳ್ಳಿ. ತಂಬಾಕಿಗೆ ಹಾಕುವ ಸುಣ್ಣ ಪ್ಲಾಸ್ಟಿಕ್ ಪುಡಿಕೆಯಲ್ಲಿ ಸಿಗುತ್ತದೆ. ಮೆತ್ತಗೆ ಉಬ್ಬಿಕೊಂಡಿರುತ್ತದೆ, ಮಕ್ಕಳಿಗೆ ಹಿಚುಕಲು ಮಜಾ. ಹಿಚುಕಿದರೆ ಒಡೆದು ಸೀದಾ ಕಣ್ಣಿಗೆ ಚಿಮ್ಮುತ್ತದೆ. ಸುಣ್ಣ ಕಣ್ಣಿನ ಕರಿಗುಡ್ಡೆಯನ್ನು ಸುಡುತ್ತದೆ, ದೃಷ್ಟಿಯೇ ಹೋಗಬಹುದು. ಕಣ್ಣಿನ ಡಾಕ್ಟರುಗಳಿಗೆ ಇದು ಗೊತ್ತಿರುವ ಸಂಗತಿ, ಪುಡಿಕೆ ಜೇಬಿನಲ್ಲಿಟ್ಟುಕೊಂಡವರಿಗೆ ಗೊತ್ತಿಲ್ಲ. ತಾಯಂದಿರ ಸಭೆಯಲ್ಲಿ ಹೇಳಿ ಏನು ಬಂತು? ಸುಣ್ಣ ಹೆಚ್ಚಾಗಿ ಇರುವುದು ಅಪ್ಪನ ಅಂಗಿಯಲ್ಲಿ. ಹಾಗಾಗಿ ವಾರದ ಖರ್ಚಿ, ಅಂದರೆ ಕೈಖರ್ಚಿನ ದುಡ್ಡು ಹಂಚುವ ಹೊತ್ತಿಗೆ ನಾನು ಹೋಗಿ ನಿಲ್ಲುತ್ತೇನೆ. ಆಗ ಗಂಡಸರೆಲ್ಲ ಸಾಲಾಗಿ ಸಿಗುತ್ತಾರೆ, ದುಡ್ಡು ಕೈಗೆ ಬರುವ ತನಕ ಎಲ್ಲೂ ಹೋಗುವುದಿಲ್ಲ. ಒಂದು ಪುಡಿಕೆಯನ್ನು ಕಾಗದದ ಮೇಲಿಟ್ಟು ಹಿಚುಕಿ ತೋರಿಸುತ್ತೇನೆ. ಎಷ್ಟು ದೂರ ಚಿಮ್ಮಿತು ಎಂದು ಅವರೇ ನೋಡುತ್ತಾರೆ. "ಸುಣ್ಣದ ಡಬ್ಬಿ ಇಟ್ಕೋರಿ ಅಣ್ಣಾ, ಪುಡಿಕಿ ಬ್ಯಾಡ" ಎಂದರೆ ಸಾಕು, ಭಾಷಣ ಬೇಕಾಗಿಲ್ಲ. ಕಣ್ಣಿಗೆ ಬಿದ್ದೇ ಬಿಟ್ಟರೆ ಉಜ್ಜಬಾರದು. ಆ ಕ್ಷಣವೇ ರೆಪ್ಪೆ ಬಿಡಿಸಿ ಶುದ್ಧ ನೀರು ಸುರಿಯುತ್ತಾ ಅರ್ಧ ಗಂಟೆಯಾದರೂ ತೊಳೆಯಬೇಕು, ಆಮೇಲೆ ಆಸ್ಪತ್ರೆ.

ಬಿಸಿನೀರಿನದು ಹೆಂಗಸರ ಹತ್ತಿರ ಹೇಳುವ ಮಾತು, ಸಂಜೆ ನಲ್ಲಿ ಹತ್ತಿರ. ಪುಣೆಯ ಚಳಿಗೆ ತಗಡಿನ ಖೋಲಿಯಲ್ಲಿ ಬಕೆಟ್ಟಿಗೆ ಕರೆಂಟಿನ ರಾಡ್ ಹಾಕಿ ನೀರು ಕಾಯಿಸುತ್ತಾರೆ. ಮಗು ಪಕ್ಕದಲ್ಲೇ ಇರುತ್ತದೆ. 60 ಡಿಗ್ರಿ ನೀರು ಕೆಲವೇ ಸೆಕೆಂಡಿನಲ್ಲಿ ಚರ್ಮವನ್ನು ಆಳದವರೆಗೆ ಸುಡುತ್ತದೆ. ರಾಡ್ ಬಕೆಟನ್ನು ಇಟ್ಟಂಗಿ ಕಟ್ಟೆಯ ಮೇಲೆ, ಮಗುವಿನ ಕೈಗೆ ಎಟುಕದ ಕಡೆ ಇಡುವುದು. ಸ್ನಾನದ ಬಕೆಟ್ಟಿಗೆ ಮೊದಲು ತಣ್ಣೀರು, ಆಮೇಲೆ ಬಿಸಿನೀರು. ಇಷ್ಟೇ. ಸುಟ್ಟರೆ ಟೂತ್‌ಪೇಸ್ಟ್, ಅರಿಶಿಣ, ಶಾಯಿ ಏನೂ ಬೇಡ, ಐಸೂ ಬೇಡ. 20 ನಿಮಿಷ ಹರಿಯುವ ತಣ್ಣೀರು. ಕ್ಯಾಂಪಿನಲ್ಲಿ ನಲ್ಲಿಗೆ ನೀರು ಬರುವುದೇ ಗೊತ್ತಾದ ಹೊತ್ತಿಗೆ ಮಾತ್ರ, ಅದಕ್ಕೆ ಪಾಳಣಾಘರ್‌ನಲ್ಲಿ ಒಂದು ಡ್ರಮ್ ಸದಾ ತುಂಬಿಟ್ಟಿರುತ್ತೇವೆ. ಮುಚ್ಚಳ ಹಾಕಿ, ಅದನ್ನು ಬೇರೆ ಹೇಳಬೇಕೇ.

ಇನ್ನು ಬಾಟಲಿ. ಟೈಲ್ಸ್ ತೊಳೆಯುವ ಆಸಿಡ್, ಪೇಂಟಿನ ಥಿನ್ನರ್ ಎರಡೂ ತಂಪು ಪಾನೀಯದ ಬಾಟಲಿಯಲ್ಲೇ ಇರುತ್ತವೆ. ಮಗು ಕುಡಿದರೆ ವಾಂತಿ ಮಾಡಿಸಬಾರದು, ಬಾಟಲಿ ಸಮೇತ ಆಸ್ಪತ್ರೆಗೆ ಓಡಬೇಕು. 108ಕ್ಕೆ ಫೋನ್ ಮಾಡುವುದು ಎಲ್ಲರಿಗೂ ಗೊತ್ತು, ಆದರೆ ಕ್ಯಾಂಪಿನ ವಿಳಾಸ ಹೇಳಲು ಬರುವುದಿಲ್ಲ. ಅದನ್ನು ಬಾಗಿಲ ಮೇಲೆ ಮರಾಠಿ, ಕನ್ನಡ ಎರಡರಲ್ಲೂ ಬರೆದಿಟ್ಟಿದ್ದೇವೆ.

ಇದನ್ನು ಓದುವವರಲ್ಲಿ ಹಿಂಜವಡಿಯ ಐಟಿ ಕಂಪನಿಯವರೂ ಇರುತ್ತೀರಿ, ಫ್ಲ್ಯಾಟ್ ನೋಡುತ್ತಲೂ ಇರುತ್ತೀರಿ. ಸೈಟ್ ನೋಡಲು ಹೋದಾಗ ಬಾಲ್ಕನಿ, ಪಾರ್ಕಿಂಗ್ ಎಲ್ಲ ಕೇಳಿದ ಮೇಲೆ ಒಂದು ಪ್ರಶ್ನೆ ಸೇರಿಸಿ: ಕೆಲಸದವರ ಮಕ್ಕಳು ಹಗಲು ಎಲ್ಲಿರುತ್ತಾರೆ? ನಾನು ವಾರಗಟ್ಟಲೆ ಕೇಳಿದರೂ ಅಲುಗಾಡದ ಒಂದು ಕಡೆ, ಬುಕಿಂಗ್‌ಗೆ ಬಂದ ಹುಬ್ಬಳ್ಳಿಯ ಗಂಡಹೆಂಡತಿ ಇದನ್ನೇ ಕೇಳಿದರು. ಸೇಲ್ಸ್ ಆಫೀಸಿನಿಂದ ಸೈಟ್ ಆಫೀಸಿಗೆ ಫೋನ್ ಹೋಯಿತು. ಡಕ್ಟ್‌ಗಳಿಗೆ ರೇಲಿಂಗ್ ಅದೇ ವಾರ ಬಂತು. ಪಾಳಣಾಘರ್‌ಗೆ ಕೋಣೆ ಇನ್ನೂ ಕೊಟ್ಟಿಲ್ಲ, ಮಾತುಕತೆ ನಡೆದಿದೆ.