ಫೋನಿಗೆ ಹೇಳುವ ಸತ್ಯ
ಫ್ಲೋರಿಡಾದಲ್ಲಿ ನಾನಿರುವ ಸಂಶೋಧನಾ ತಂಡವು ಎಚ್‌ಐವಿಯೊಂದಿಗೆ ಬದುಕುತ್ತಿರುವವರ ಗಾಂಜಾ ಬಳಕೆಯನ್ನು ಸ್ಮಾರ್ಟ್‌ಫೋನ್ ಆ್ಯಪ್‌ನಲ್ಲಿ ದಾಖಲಿಸುತ್ತದೆ ಎಂದರೆ, ಊರಿನಿಂದ ಫೋನ್ ಮಾಡಿದವರು ಒಂದು ಕ್ಷಣ ಸುಮ್ಮನಾಗುತ್ತಾರೆ. ಇಲ್ಲಿ ಎಚ್‌ಐವಿಗೂ ಗಾಂಜಾಕ್ಕೂ ಇರುವ ನಂಟು ಹಳೆಯದು. ಏಡ್ಸ್‌ಗೆ ಸರಿಯಾದ ಔಷಧವಿಲ್ಲದಿದ್ದ ಕಾಲದಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ರೋಗಿಗಳು ವಾಕರಿಕೆ ಅಡಗಲಿ, ಎರಡು ತುತ್ತು ಊಟ ಸೇರಲಿ ಎಂದು ಗಾಂಜಾ ಬಳಸುತ್ತಿದ್ದರು. 1996ರಲ್ಲಿ ಕ್ಯಾಲಿಫೋರ್ನಿಯಾದ ಮತದಾರರು ವೈದ್ಯಕೀಯ ಗಾಂಜಾವನ್ನು ಒಪ್ಪಿದ್ದರ ಹಿಂದೆ ಅವರ ಹೋರಾಟವಿತ್ತು. ವೈದ್ಯಕೀಯ ಗಾಂಜಾವನ್ನು ಒಪ್ಪಿದ 2016ರ ಫ್ಲೋರಿಡಾ ಸಂವಿಧಾನ ತಿದ್ದುಪಡಿಯ ರೋಗಪಟ್ಟಿಯಲ್ಲೂ ಎಚ್‌ಐವಿ ಇದೆ.

ಕಳೆದ ತಿಂಗಳು ಎಷ್ಟು ದಿನ ಸೇದಿದಿರಿ ಎಂದು ಕ್ಯಾಲೆಂಡರ್ ಮುಂದಿಟ್ಟು ಕೇಳಿದರೆ ಬರುವುದು ಅಂದಾಜು ಮಾತ್ರ. ಮೂತ್ರ ಪರೀಕ್ಷೆಯೂ ಹೆಚ್ಚು ನೆರವಾಗದು, ಏಕೆಂದರೆ ನಿತ್ಯ ಬಳಸುವವರಲ್ಲಿ ಗಾಂಜಾದ ಅಂಶ ವಾರಗಟ್ಟಲೆ ಉಳಿಯುತ್ತದೆ. ಎಫಾವಿರೆಂಜ್ ಎಂಬ ಎಚ್‌ಐವಿ ಮಾತ್ರೆಯಂತೂ ಕೆಲವು ಪ್ರಾಥಮಿಕ ಪರೀಕ್ಷೆಗಳಲ್ಲಿ ಗಾಂಜಾ ಇದೆಯೆಂದೇ ಸುಳ್ಳು ಫಲಿತಾಂಶ ತೋರಿಸಬಲ್ಲದು. ಆದ್ದರಿಂದ ಆ್ಯಪ್ ದಿನದಲ್ಲಿ ಹಲವು ಬಾರಿ, ಮುಂಚಿತವಾಗಿ ತಿಳಿಸದ ಹೊತ್ತಿನಲ್ಲಿ, ಈಗಿನ ನೋವು, ನಿದ್ದೆ, ಮನಸ್ಸಿನ ಸ್ಥಿತಿ, ನುಂಗಿದ ಮಾತ್ರೆ, ಬಳಸಿದ ಗಾಂಜಾ ಇವಿಷ್ಟನ್ನೇ ಕೇಳುತ್ತದೆ.

ನಿಜವಾದ ತಲೆನೋವು ಪ್ರಮಾಣದ್ದು. ಗಾಂಜಾ ಬೆರೆಸಿದ ಮಿಠಾಯಿಯಂಥ ತಿನಿಸಿನ ಪೊಟ್ಟಣದ ಮೇಲೆ ಮಿಲಿಗ್ರಾಂ ಅಚ್ಚಾಗಿರುತ್ತದೆ, ಆದರೆ ಗೆಳೆಯರ ನಡುವೆ ಕೈಬದಲಾಗುವ ಒಂದೇ ಸುರುಳಿಯಲ್ಲಿ ತನ್ನ ಪಾಲೆಷ್ಟೆಂದು ಯಾರು ಹೇಳಬಲ್ಲರು? ಸೇದಿದ್ದು ನಿಮಿಷಗಳಲ್ಲಿ ತಲೆಗೇರಿದರೆ, ತಿಂದದ್ದಕ್ಕೆ ಗಂಟೆಯ ಮೇಲೂ ಹಿಡಿಯಬಹುದು. ಪ್ರಶ್ನೆ ಯಾವ ಗಳಿಗೆಯಲ್ಲಿ ಬಂತೆಂಬುದರ ಮೇಲೆ ಉತ್ತರವೇ ಬದಲಾಗುತ್ತದೆ.

ಇಷ್ಟಾದರೂ ಜನ ಫೋನಿಗೆ ಹೆಚ್ಚು ಸತ್ಯ ಹೇಳುತ್ತಾರೆಂಬುದು ನನ್ನ ಅನಿಸಿಕೆ. "ಡಾಕ್ಟರ್ ಮುಖ ಸಿಂಡರಿಸುತ್ತಾರೆ, ಇದಕ್ಕೆ ಮುಖವೇ ಇಲ್ಲ" ಎಂದು ಅಧ್ಯಯನದಲ್ಲಿ ಭಾಗವಹಿಸಿದ ಹಿರಿಯರೊಬ್ಬರು ನಕ್ಕಿದ್ದರು. ಅವರ ವಿಷಯದಲ್ಲೇ ನಾವು ಎಡವಿದೆವು. ಫೆಡರಲ್ ಸರ್ಕಾರದ ಗೋಪ್ಯತಾ ಪ್ರಮಾಣಪತ್ರವಿರುವುದರಿಂದ, ಭಾಗವಹಿಸಿದವರ ಗುರುತು ತಿಳಿಸುವ ಮಾಹಿತಿಯನ್ನು ಅವರ ಒಪ್ಪಿಗೆಯಿಲ್ಲದೆ ನ್ಯಾಯಾಲಯಕ್ಕೂ ಕೊಡುವಂತಿಲ್ಲ, ಆದರೆ ಲಾಕ್ ಆದ ಪರದೆಯ ಮೇಲೆ ಮೂಡಿದ "ಎಚ್‌ಐವಿ ಮಾತ್ರೆ ನುಂಗಿದಿರಾ?" ಎಂಬ ಸಾಲನ್ನು ಪಕ್ಕದಲ್ಲಿ ಕುಳಿತವರು ಓದಿಬಿಟ್ಟರೆ ಆ ಪತ್ರ ಏನು ಮಾಡೀತು? ಆ ಹಿರಿಯರಿಗೆ ಆದದ್ದು ಅದೇ, ಅವರು ಉತ್ತರಿಸುವುದನ್ನೇ ನಿಲ್ಲಿಸಿದರು. ಈಗ ಅಲ್ಲಿ "ಇಂದಿನ ಪ್ರಶ್ನೆಗಳು ಸಿದ್ಧವಾಗಿವೆ" ಎಂದಷ್ಟೇ ಬರುತ್ತದೆ. ಅವರು ಮತ್ತೆ ಉತ್ತರಿಸತೊಡಗಲು ಎರಡು ವಾರ ಹಿಡಿಯಿತು. ಆ ಹದಿನಾಲ್ಕು ದಿನಗಳ ಸಾಲು ನಮ್ಮ ಕೋಷ್ಟಕದಲ್ಲಿ ಇಂದಿಗೂ ಖಾಲಿಯಿದೆ.