ಸೋತವರ ಕಪ್: ವಿಂಬಲ್ಡನ್ ಕೈಬಿಟ್ಟ ಆಲ್ ಇಂಗ್ಲೆಂಡ್ ಪ್ಲೇಟ್

ಸಕಲೇಶಪುರದಿಂದಲೋ ಮೂಡಿಗೆರೆಯಿಂದಲೋ ಬೆಳಗ್ಗೆ ಬೇಗ ಹೊರಟು ಚಿಕ್ಕಮಗಳೂರಿನ ಟೆನಿಸ್ ಕೋರ್ಟಿಗೆ ಬಂದವರು ಮೊದಲ ಮ್ಯಾಚ್‌ನಲ್ಲೇ 8-2ರಿಂದ ಸೋತರೆ ಅವರ ಟೂರ್ನಮೆಂಟ್ ಮುಕ್ಕಾಲು ಗಂಟೆಯಲ್ಲಿ ಮುಗಿದಂತೆ. ಎಂಟ್ರಿ ಫೀ ಕೊಟ್ಟಾಗಿದೆ, ಪೆಟ್ರೋಲ್ ಸುಟ್ಟಾಗಿದೆ. ನಾಕ್‌ಔಟ್ ಡ್ರಾ (ಯಾರು ಯಾರೊಂದಿಗೆ ಆಡಬೇಕೆಂಬ ಪಟ್ಟಿ) ಇರುವುದೇ ಹಾಗೆ, ಪ್ರತಿ ಸುತ್ತಿಗೂ ಅರ್ಧ ಜನ ಮನೆಗೆ. ಇದಕ್ಕೆ ವಿಂಬಲ್ಡನ್‌ನವರು 1896ರಲ್ಲಿ ಒಂದು ಉಪಾಯ ಮಾಡಿದರು: ಪುರುಷರ ಸಿಂಗಲ್ಸ್‌ನ ಮೊದಲ ಎರಡು ಸುತ್ತುಗಳಲ್ಲಿ ಸೋತವರಿಗೆಂದೇ ಇನ್ನೊಂದು ಸ್ಪರ್ಧೆ. ಹೆಸರು ಆಲ್ ಇಂಗ್ಲೆಂಡ್ ಪ್ಲೇಟ್.

ಡ್ರಾ ಹಾಕುವುದು ಆ ಕಾಲದಲ್ಲಿ ಇನ್ನೂ ಪಳಗದ ವಿದ್ಯೆ. 1877ರ ಮೊದಲ ವಿಂಬಲ್ಡನ್‌ಗೆ ಬಂದವರು 22 ಜನ. ಈಗಿನಂತೆ ಮೊದಲ ಸುತ್ತಿನಲ್ಲೇ ಕೆಲವರಿಗೆ ಬೈ, ಅಂದರೆ ಆಡದೆಯೇ ಮುಂದಿನ ಸುತ್ತಿಗೆ ಹೋಗುವ ಅವಕಾಶ, ಕೊಟ್ಟು 32ರ ಡ್ರಾಕ್ಕೆ ಹೊಂದಿಸಲಿಲ್ಲ, ಸುಮ್ಮನೆ ಜೋಡಿ ಮಾಡುತ್ತಾ ಹೋದರು. 22 ಹನ್ನೊಂದಾಯಿತು, ಹನ್ನೊಂದು ಆರಾಯಿತು, ಆರು ಮೂರಾಯಿತು. ಸೆಮಿಫೈನಲ್‌ಗೆ ಮೂರೇ ಜನ! ವಿಲಿಯಂ ಮಾರ್ಷಲ್ ಬೈ ಪಡೆದು ನೇರ ಫೈನಲ್‌ಗೆ ಹೋದರು, ಹೀತ್‌ಕೋಟ್ ಅವರನ್ನು ಸೋಲಿಸಿ ಬಂದ ಸ್ಪೆನ್ಸರ್ ಗೋರ್ ಚಾಂಪಿಯನ್ ಆದರು. ಹಾಗಾದರೆ ಎರಡನೇ ಬಹುಮಾನ ಯಾರಿಗೆ? ಅದಕ್ಕಾಗಿ ಮಾರ್ಷಲ್ ಮತ್ತು ಹೀತ್‌ಕೋಟ್ ನಡುವೆ ಬೇರೆಯೇ ಮ್ಯಾಚ್ ಆಡಿಸಬೇಕಾಯಿತು. ಗೆದ್ದದ್ದು ಮಾರ್ಷಲ್.

ಈ ಎರಡನೇ ಬಹುಮಾನದ ಲೆಕ್ಕವನ್ನು 1883ರಲ್ಲಿ ಕೆದಕಿದವರು ಆಕ್ಸ್‌ಫರ್ಡ್‌ನ ಗಣಿತಜ್ಞ ಚಾರ್ಲ್ಸ್ ಡಾಜ್ಸನ್. ಲೂಯಿಸ್ ಕ್ಯಾರಲ್ ಎಂಬ ಹೆಸರಿನಲ್ಲಿ ಆಲಿಸ್ ಕಥೆಗಳನ್ನು ಬರೆದವರು ಇವರೇ. 32 ಆಟಗಾರರಿದ್ದಾರೆ, ಸೀಡಿಂಗ್ (ಬಲಶಾಲಿಗಳನ್ನು ಡ್ರಾದಲ್ಲಿ ಬೇರೆ ಬೇರೆ ಇಡುವುದು) ಇಲ್ಲ, ಯಾವಾಗಲೂ ಬಲಶಾಲಿಯೇ ಗೆಲ್ಲುತ್ತಾನೆ ಅಂದುಕೊಳ್ಳಿ. ಎರಡನೇ ಅತ್ಯುತ್ತಮ ಆಟಗಾರ ಫೈನಲ್ ತಲುಪಬೇಕಾದರೆ ಅವನು ಡ್ರಾದ ಇನ್ನೊಂದು ಅರ್ಧದಲ್ಲಿರಬೇಕು. ಉಳಿದ 31 ಜಾಗಗಳಲ್ಲಿ ಅಂಥವು 16. ಸಾಧ್ಯತೆ 16/31, ಅರ್ಧಕ್ಕಿಂತ ಕೂದಲೆಳೆಯಷ್ಟು ಹೆಚ್ಚು. ಡಾಜ್ಸನ್ ಸೂಚಿಸಿದ ಪದ್ಧತಿಯಲ್ಲಿ ಒಬ್ಬ ಆಟಗಾರನಿಗಿಂತ ಮೇಲಿನವರು ಮೂವರಿದ್ದಾರೆ ಎಂದು ಖಚಿತವಾಗುವವರೆಗೆ ಅವನನ್ನು ಹೊರಹಾಕುವಂತಿಲ್ಲ. ತರ್ಕ ಅಚ್ಚುಕಟ್ಟು. ಆದರೆ ಯಾರು ಯಾರನ್ನು ಸೋಲಿಸಿದವರನ್ನು ಸೋಲಿಸಿದರು ಎಂದು ಪಟ್ಟಿ ಇಡುತ್ತಾ ಕೂರುವ ರೆಫರಿಯ ಪಾಡು ಬೇಡವೇ ಬೇಡ.

ಎರಡನೇ ಅತ್ಯುತ್ತಮ ಆಟಗಾರ ಫೈನಲ್‌ಗೆ ಮುಂಚೆಯೇ ಹೊರಬೀಳುವ ಈ ಅನ್ಯಾಯಕ್ಕೆ ಪ್ಲೇಟ್ ಪರಿಹಾರ ಎಂದು ಕೆಲವರು ಹೇಳುವುದುಂಟು. ಲೆಕ್ಕ ಹಾಗೆ ಹೇಳುವುದಿಲ್ಲ. ಅದೇ 32ರ ಡ್ರಾದಲ್ಲಿ ಎರಡನೇ ಅತ್ಯುತ್ತಮ ಆಟಗಾರ ಮೊದಲ ಸುತ್ತಿನಲ್ಲೇ ಚಾಂಪಿಯನ್‌ಗೆ ಎದುರಾಗುವ ಸಾಧ್ಯತೆ 1/31, ಎರಡನೇ ಸುತ್ತಿನಲ್ಲಿ 2/31. ಅಂದರೆ ಅವನು ಪ್ಲೇಟ್‌ಗೆ ಇಳಿಯುವುದು 31ರಲ್ಲಿ ಮೂರೇ ಸಲ. ನಿಜವಾಗಿ ಅನ್ಯಾಯವಾಗುವುದು ಕ್ವಾರ್ಟರ್‌ಫೈನಲ್, ಸೆಮಿಫೈನಲ್‌ಗಳಲ್ಲಿ, ಅಲ್ಲಿ ಸೋತವರಿಗೆ ಪ್ಲೇಟ್ ಇಲ್ಲ. ಕುಸ್ತಿಯ ರೆಪಶಾಜ್ ಬೇರೆಯೇ ಬಗೆ, ಫೈನಲ್ ತಲುಪಿದವರಿಗೆ ಸೋತವರಿಗೆ ಅಲ್ಲಿ ಕಂಚಿಗಾಗಿ ಇನ್ನೊಂದು ಅವಕಾಶ. 2016ರ ರಿಯೊದಲ್ಲಿ ಸಾಕ್ಷಿ ಮಲಿಕ್ ಸೋತ ಮೇಲೂ ಆ ದಾರಿಯಲ್ಲಿ ಕಂಚು ಗೆದ್ದರು. ಪ್ಲೇಟ್ ಗೆದ್ದವರಿಗೆ ಮುಖ್ಯ ಸ್ಪರ್ಧೆಯಲ್ಲಿ ಯಾವ ಸ್ಥಾನವೂ ಸಿಗುತ್ತಿರಲಿಲ್ಲ. ಸಿಗುತ್ತಿದ್ದದ್ದು ಇನ್ನಷ್ಟು ಟೆನಿಸ್, ಗೆದ್ದರೆ ಒಂದು ಕಪ್. ದೂರದಿಂದ ಬಂದವರಿಗೆ ಅದೇ ದೊಡ್ಡದು.

ಗೆದ್ದವರೇನೂ ಸಾಮಾನ್ಯರಲ್ಲ. ಐದಡಿಯೂ ಇಲ್ಲದ ಫಿಲಿಪ್ಪೀನ್ಸ್‌ನ ಫೆಲಿಸಿಸಿಮೊ ಆಂಪೊನ್ 1948ರಲ್ಲಿ ಗೆದ್ದರು. 1955ರಲ್ಲಿ ಗೆದ್ದ ಆಸ್ಟ್ರೇಲಿಯಾದ ನೀಲ್ ಫ್ರೇಸರ್ ಐದು ವರ್ಷದ ನಂತರ ವಿಂಬಲ್ಡನ್ ಚಾಂಪಿಯನ್ನೇ ಆದರು. ಮಹಿಳೆಯರ ಪ್ಲೇಟ್ ಶುರುವಾದದ್ದು 1933ರಲ್ಲಿ.

1968ರಲ್ಲಿ ವೃತ್ತಿಪರರಿಗೂ ಬಾಗಿಲು ತೆರೆದ ಮೇಲೆ ಲೆಕ್ಕಾಚಾರ ಬದಲಾಯಿತು. ಸೋತವರಿಗೆ ಮುಂದಿನ ವಾರ ಇನ್ನೊಂದು ಊರಲ್ಲಿ ದುಡ್ಡಿನ ಟೂರ್ನಮೆಂಟ್ ಕಾದಿರುವಾಗ ಸೋತವರ ಕಪ್‌ಗಾಗಿ ಯಾರು ಉಳಿಯುತ್ತಾರೆ? ಪುರುಷರ ಪ್ಲೇಟ್ 1981ಕ್ಕೆ, ಮಹಿಳೆಯರದು 1989ಕ್ಕೆ ನಿಂತಿತು.

ಅಲ್ಲಿ ನಿಂತದ್ದು ಕ್ಲಬ್ ಟೂರ್ನಮೆಂಟಿಗೆ ಇವತ್ತಿಗೂ ಹೇಳಿ ಮಾಡಿಸಿದಂತಿದೆ. 24 ಎಂಟ್ರಿ, ಎರಡು ಮಣ್ಣಿನ ಕೋರ್ಟ್, ಶನಿವಾರ ಭಾನುವಾರ ಎಂದಿಟ್ಟುಕೊಳ್ಳಿ. 32ರ ಡ್ರಾ, ಎಂಟು ಬೈ. ಮುಖ್ಯ ಸ್ಪರ್ಧೆಗೆ 23 ಮ್ಯಾಚ್. ಮೊದಲ ಸುತ್ತಿನಲ್ಲಿ ಎಂಟು ಜನ ಸೋಲುತ್ತಾರೆ, ಎರಡನೆಯದರಲ್ಲಿ ಇನ್ನೆಂಟು. ಪ್ಲೇಟ್‌ಗೆ ಸರಿಯಾಗಿ 16, ಒಂದು ಬೈ ಕೂಡ ಬೇಡ, 15 ಮ್ಯಾಚ್. ಬಂದ ಪ್ರತಿಯೊಬ್ಬರಿಗೂ ಕನಿಷ್ಠ ಎರಡು ಮ್ಯಾಚ್ ಗ್ಯಾರಂಟಿ.

ಮುಖ್ಯ ಡ್ರಾಗೆ ಎಂಟು ಗೇಮಿನ ಪ್ರೊ ಸೆಟ್ (ಎಂಟು ಗೇಮಿನವರೆಗೆ ಆಡುವ ಒಂದೇ ಉದ್ದದ ಸೆಟ್), ತಲಾ 50 ನಿಮಿಷ. ಪ್ಲೇಟ್‌ಗೆ ಟೈಬ್ರೇಕ್ (6-6 ಆದಾಗ ಸೆಟ್ ತೀರ್ಮಾನಿಸುವ ಗೇಮ್) ಇರುವ ಒಂದೇ ಮಾಮೂಲಿ ಸೆಟ್, 35 ನಿಮಿಷ. ಒಟ್ಟು 1,675 ನಿಮಿಷ, ಎರಡು ಕೋರ್ಟಿಗೆ ಹಂಚಿದರೆ ಸುಮಾರು 14 ಗಂಟೆ. ನಮ್ಮಲ್ಲಿ ಡಿಸೆಂಬರ್-ಜನವರಿಯಲ್ಲಿ ಇಬ್ಬನಿಗೆ ಕೋರ್ಟ್ ಒದ್ದೆಯಾಗಿ ಗೆರೆಗಳ ಮೇಲೆ ಕಾಲು ಜಾರುತ್ತದೆ, ಎಂಟೂವರೆಗೆ ಮುಂಚೆ ಶುರು ಮಾಡುವ ಆಸೆ ಬಿಡಿ. ಸಂಜೆ ಆರರ ಹೊತ್ತಿಗೆ ಬೆಳಕು ಹೋಗುತ್ತದೆ. ಊಟಕ್ಕೆ ಒಂದು ಗಂಟೆ ಕಳೆದರೆ ಎರಡು ದಿನಕ್ಕೆ 17 ಗಂಟೆ. ಉಳಿಯುವ ಮೂರು ಗಂಟೆಯಲ್ಲಿ ಮುಖ್ಯ ಸೆಮಿಫೈನಲ್, ಫೈನಲ್‌ಗಳನ್ನು ಮೂರು ಸೆಟ್‌ಗೆ ಆಡಿಸಬಹುದು. ಅದರ ಮೇಲೆ ಡಬಲ್ಸ್ ತುರುಕಲು ಹೋದರೆ ಭಾನುವಾರ ಸಂಜೆ ಕತ್ತಲಲ್ಲಿ ಫೈನಲ್.

ಪ್ಲೇಟ್ ಕೆಡುವುದು ಹೆಚ್ಚಾಗಿ ಕಾಯಿಸುವುದರಿಂದ. ಎರಡನೇ ಸುತ್ತು ಪೂರ್ತಿ ಮುಗಿಯಲಿ, ಆಮೇಲೆ ಡ್ರಾ ಹಾಕೋಣ ಎಂದರೆ ಒಂಬತ್ತೂವರೆಗೆ ಸೋತವರು ಅಷ್ಟರಲ್ಲಿ ಬೇಲೂರು ದಾಟಿರುತ್ತಾರೆ. ಅದಕ್ಕೆ ಮೊದಲ ಸುತ್ತಿನಲ್ಲಿ ಸೋತ ಎಂಟು ಜನರನ್ನು ಪ್ಲೇಟ್ ಡ್ರಾದ ಮೇಲಿನ ಅರ್ಧಕ್ಕೆ, ಎರಡನೇ ಸುತ್ತಿನವರನ್ನು ಕೆಳಗಿನ ಅರ್ಧಕ್ಕೆ ಹಾಕಿ. ಮೇಲಿನ ಅರ್ಧವನ್ನು ಮೊದಲ ಸುತ್ತು ಮುಗಿದ ಕೂಡಲೇ ಆಡಿಸಬಹುದು. ಇದರಲ್ಲಿ ಇನ್ನೊಂದು ಲಾಭವೂ ಇದೆ: ಬೆಳಗ್ಗೆ ನಿಮ್ಮನ್ನು ಸೋಲಿಸಿದವರು ಪ್ಲೇಟ್‌ಗೆ ಬಂದರೂ ಇನ್ನೊಂದು ಅರ್ಧದಲ್ಲಿರುತ್ತಾರೆ, ಫೈನಲ್‌ಗೆ ಮುಂಚೆ ಅದೇ ಜೋಡಿ ಮತ್ತೆ ಎದುರಾಗುವುದಿಲ್ಲ. ಎಲ್ಲರನ್ನೂ ಕಲಸಿ ಚೀಟಿ ಎತ್ತಿದರೆ ಈ ಅನುಕೂಲ ಹೋಯಿತು.

ಸೋತವರು ಅರ್ಧ ಗಂಟೆಯೊಳಗೆ ಟೇಬಲ್ಲಿಗೆ ಬಂದು ಪ್ಲೇಟ್‌ಗೆ ಸಹಿ ಹಾಕಬೇಕು ಎಂದು ಎಂಟ್ರಿ ಫಾರಂನಲ್ಲೇ ಬರೆದುಬಿಡಿ. ಸಹಿ ಇಲ್ಲದವರ ಹೆಸರು ಡ್ರಾದಲ್ಲಿ ಬೇಡ, ಇಲ್ಲದಿದ್ದರೆ ಮಧ್ಯಾಹ್ನವೆಲ್ಲ ವಾಕ್‌ಓವರ್ (ಎದುರಾಳಿ ಬಾರದೆ ಸಿಗುವ ಗೆಲುವು) ಬರೆಯುವುದೇ ಕೆಲಸ. ಮುಖ್ಯ ಡ್ರಾದಲ್ಲಿ ಆಡದೆ ವಾಕ್‌ಓವರ್ ಕೊಟ್ಟವರಿಗೆ ಪ್ಲೇಟ್ ಇಲ್ಲ. ಬೇಕೆಂದೇ ಎರಡನೇ ಸುತ್ತಿನಲ್ಲಿ ಕೈಬಿಟ್ಟು ಸುಲಭದ ಕಪ್ ಹೊಡೆಯುವ ಜಾಣರೂ ಇರುತ್ತಾರೆ, ಹಾಗಾಗಿ ಪ್ಲೇಟ್ ಬಹುಮಾನ ಮುಖ್ಯ ಸ್ಪರ್ಧೆಯ ರನ್ನರ್ ಅಪ್‌ಗಿಂತ ಯಾವತ್ತೂ ಕಡಿಮೆಯಿರಲಿ. ಬಾಲ್‌ಗೆ ಬೇರೆ ಖರ್ಚು ಬೇಡ: ಮುಖ್ಯ ಡ್ರಾಗೆ ಪ್ರತಿ ಮ್ಯಾಚ್‌ಗೂ ಹೊಸ ಡಬ್ಬಿ ಒಡೆಯಿರಿ, ಆ ಮೂರು ಬಾಲ್‌ಗಳೇ ಆಮೇಲೆ ಪ್ಲೇಟ್‌ಗೆ ಸಾಕು. ಪ್ಲೇಟ್ ಫೈನಲ್‌ಗೆ ಮಾತ್ರ ಹೊಸದು ಕೊಡಿ, ಮತ್ತು ಅದನ್ನು ಮುಖ್ಯ ಫೈನಲ್‌ಗಿಂತ ಮುಂಚೆ ಆಡಿಸಿ. ಆಮೇಲೆ ಇಟ್ಟರೆ ನೋಡಲು ಒಬ್ಬರೂ ಉಳಿದಿರುವುದಿಲ್ಲ.